ಬೋಧಗಯೆಗೆ ಐವತ್ತು ನಿಮಿಷ

ಪ್ರವಾಸದ ಬಸ್ಸಿನಲ್ಲಿ ಮ್ಯಾನೇಜರ್ ಆಗಿ ಸೇರಬೇಕೆಂದಿರುವ ಹುಡುಗಿಯರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಊರೂರು ಸುತ್ತಬಹುದು, ಹೊಸ ಜಾಗ ನೋಡಬಹುದು ಎಂಬುದು ಅವರ ಆಸೆ. ನಾನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಜಾಗ ನೋಡುವವರು ಪ್ರಯಾಣಿಕರು. ನೀವು ನೋಡುವುದು ಪ್ರಯಾಣಿಕರನ್ನು, ಬಚ್ಚಲುಮನೆಯನ್ನು ಮತ್ತು ಗಡಿಯಾರವನ್ನು. ಇದನ್ನು ಕೇಳಿಯೂ ಮರುದಿನ ಬಂದವರಿಗೆ ಮಾತ್ರ ಉಳಿದದ್ದನ್ನು ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಚಿಕ್ಕಮಗಳೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಿಂದ. ಅಲ್ಲಿ ವಾರ್ಡನ್ ಆಗಿದ್ದೆ. ಐದಕ್ಕೆ ಗಂಟೆ, ಆರೂಕಾಲಿಗೆ ಪ್ರಾರ್ಥನೆ, ಏಳಕ್ಕೆ ತಿಂಡಿ. ನಾನೂ ಅಂಥದೇ ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ಅದು ನನಗೆ ಕಷ್ಟ ಎನಿಸಲಿಲ್ಲ. ಹಾಸ್ಟೆಲ್ ಮುಚ್ಚಿದಾಗ ಮೂಡಿಗೆರೆಯ ಹಮೀದ್ ಸಾಹೇಬರು ಹೇಳಿಕಳಿಸಿದರು. ಅವರು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ಶುರುಮಾಡಿ ಮೂರು ಬಸ್ಸು ಮಾಡಿಕೊಂಡವರು. ಕಳಸ, ಹೊರನಾಡು, ಮೂಡಿಗೆರೆಯ ಜನರನ್ನು ವರ್ಷಕ್ಕೆ ಕೆಲವು ಸಲ ಕಾಶಿ, ಗಯೆಗೆ ಕಳಿಸುತ್ತಿದ್ದರು. ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು, ಮ್ಯಾನೇಜರ್ ಮಾತ್ರ ಗಂಡಸು. ಬಸ್ಸು ಎಲ್ಲಿ ನಿಲ್ಲಿಸಬೇಕೆಂದು ಆ ಹೆಂಗಸರು ಅವನಿಗೆ ಹೇಳಲಾರದೆ ನಾಗಪುರದವರೆಗೆ ಹಲ್ಲು ಕಚ್ಚಿ ಕೂತಿದ್ದರಂತೆ. ವಾಪಸ್ ಬಂದವರೇ ಸಾಹೇಬರ ಹೆಂಡತಿಯ ಹತ್ತಿರ ದೂರು ಹೇಳಿದರು.

ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಅರವತ್ತು ಹುಡುಗಿಯರಿಗೆ ನಾಲ್ಕು ಬಚ್ಚಲಲ್ಲಿ ಒಂದು ಗಂಟೇಲಿ ಸ್ನಾನ ಮುಗಿಸ್ತಿದ್ರಂತೆ, ಹೌದಾ?”

ಹೌದು ಎಂದೆ.

“ಸೋಮವಾರ ಬನ್ನಿ.”

ಅಲ್ಲಿಂದ ಇಪ್ಪತ್ತಾರು ವರ್ಷ ಅವರ ಬಸ್ಸಿನಲ್ಲಿ ಓಡಾಡಿದೆ. ಪ್ರತಿ ಸಲ ಬಸ್ಸು ಹೊರಡುವಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸುತ್ತಿದ್ದವರು ಅವರೇ. ಉಪವಾಸದ ತಿಂಗಳಲ್ಲೂ ಮಧ್ಯಾಹ್ನ ಫೋನ್ ಮಾಡಿ ಯಾತ್ರಿಗಳ ಊಟ ಆಯಿತೇ ಎಂದು ಕೇಳುತ್ತಿದ್ದರು. ಬೈದದ್ದು ಬಹಳ ಕಡಿಮೆ. ಬೈದಾಗಲೂ ನಾನು ಅದಕ್ಕೆ ತಕ್ಕ ತಪ್ಪು ಮಾಡಿದ್ದೆ.

ಮೊದಲ ತಪ್ಪು ಮೊದಲ ಪ್ರವಾಸದಲ್ಲೇ ಆಯಿತು. ದಾರಿಯ ಒಂದು ಊಟದ ಹೋಟೆಲಿನಿಂದ ಹೊರಡುವಾಗ ತಲೆ ಎಣಿಸಿದೆ. ಮೂವತ್ತೆಂಟು. ಸರಿಯಾಗಿತ್ತು. ವಿಸಿಲ್ ಊದಿದೆ, ಬಸ್ಸು ಹೊರಟಿತು. ಮುಕ್ಕಾಲು ಗಂಟೆಯ ಮೇಲೆ ಹಿಂದಿನ ಸಾಲಿನಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಜೋರಾಗಿ ಏನೋ ಕೇಳತೊಡಗಿದಳು. ಲೈನ್ ಬಸ್ಸೆಂದು ಹತ್ತಿದ ಆ ಊರಿನವಳು. ಹಾಗಾದರೆ ನಮ್ಮವರಲ್ಲಿ ಒಬ್ಬರು ಹೋಟೆಲಿನಲ್ಲೇ ಉಳಿದಿರಬೇಕು. ಬಸ್ಸು ತಿರುಗಿಸಿದೆವು. ಹೊರನಾಡಿನಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟಿದ್ದ ಪದ್ಮಾವತಮ್ಮ ಕಲ್ಲಿನ ಮೇಲೆ ಆರಾಮವಾಗಿ ಕೂತಿದ್ದರು. ನಾನು ಇಳಿದು ಕೈ ಮುಗಿದರೆ, “ಬರ್ತೀರಿ ಅಂತ ಗೊತ್ತಿತ್ತು ಮಾರಾಯ್ತಿ. ಅಷ್ಟರಲ್ಲಿ ಒಂದು ಟೀ ಕುಡ್ದೆ. ಚೆನ್ನಾಗಿರಲಿಲ್ಲ” ಎಂದರು.

ಅವತ್ತಿನಿಂದ ತಲೆ ಎಣಿಸುವುದನ್ನು ಬಿಟ್ಟೆ. ಪ್ರತಿಯೊಬ್ಬರಿಗೂ ಒಬ್ಬ ಜೋಡಿಯನ್ನು ಗೊತ್ತುಮಾಡಿದೆ. ಹೊರಡುವ ಮೊದಲು ನಾನು ಕೇಳುವುದು ಎಷ್ಟು ಜನ ಇದ್ದೀರಿ ಎಂದಲ್ಲ, ನಿಮ್ಮ ಜೋಡಿ ಇದ್ದಾರಾ ಎಂದು. ಗಂಡ ಹೆಂಡತಿಯನ್ನು ಜೋಡಿ ಮಾಡಬಾರದು ಎಂಬುದನ್ನೂ ಆಮೇಲೆ ಕಲಿತೆ. ಅವರು ಒಬ್ಬರನ್ನೊಬ್ಬರು ಗಮನಿಸುವುದಿಲ್ಲ. ಈಗಿನವರು ಮೊಬೈಲಿನಲ್ಲಿ ಗ್ರೂಪ್ ಮಾಡಿ ಲೊಕೇಶನ್ ಕಳಿಸಿ ಎನ್ನುತ್ತಾರೆ. ಲೊಕೇಶನ್ ಬರುತ್ತದೆ, ಮನುಷ್ಯ ಬರುವುದಿಲ್ಲ. ಜೋಡಿಯ ಪದ್ಧತಿಯನ್ನು ಬಿಡಬೇಡಿ.

ಇನ್ನೊಂದು ನಿಯಮ ಸೀಟು ಬದಲಿಸುವುದು. ದಿನಕ್ಕೆ ಎರಡು ಸಾಲು ಮುಂದೆ, ಮುಂದಿದ್ದವರು ಹಿಂದೆ. ತೋಟದ ಯಜಮಾನರಿಗೆ ಇದು ಸರಿಬರುತ್ತಿರಲಿಲ್ಲ. ನಿಮ್ಮ ತೋಟದಲ್ಲಿ ನೀವು ಮಾಡಿದ ನಿಯಮ ಇಲ್ಲವೇ, ಇದು ಬಸ್ಸಿನದು ಎನ್ನುತ್ತಿದ್ದೆ. ಮೂರನೆಯ ದಿನಕ್ಕೆ ಎಲ್ಲರೂ ಒಗ್ಗಿಕೊಳ್ಳುತ್ತಿದ್ದರು.

ಈಗ ಬೋಧಗಯೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆಯಿಂದ ಗಯೆಗೆ ಹೋಗುವವರು ಹಿರಿಯರ ಕಾರ್ಯಕ್ಕೆಂದು ಹೋಗುತ್ತಾರೆ. ಬೆಳಗ್ಗೆ ಅದು ಮುಗಿದರೆ ಮಧ್ಯಾಹ್ನ ಬಿಡುವು. ಬೋಧಗಯೆ ಅಲ್ಲಿಂದ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಹಾಗಾಗಿ ಅದು ನಮ್ಮ ಪಟ್ಟಿಯಲ್ಲಿ ಸೇರಿಕೊಂಡಿತ್ತು. ನಾನು ಅದಕ್ಕೆ ಕೊಟ್ಟಿದ್ದ ಸಮಯ ಐವತ್ತು ನಿಮಿಷ. ಚಪ್ಪಲಿ, ಮೊಬೈಲು ಒಪ್ಪಿಸಲು ಹತ್ತು, ಗುಡಿಯೊಳಗೆ ಬುದ್ಧನ ಮೂರ್ತಿ ನೋಡಲು ಹದಿನೈದು, ಸುತ್ತ ಬಂದು ಹಿಂದಿರುವ ಬೋಧಿವೃಕ್ಷ ನೋಡಲು ಹತ್ತು, ಉಳಿದದ್ದು ವಾಪಸ್ ಬರಲು. ಅಷ್ಟು ಎತ್ತರದ ಹಳೆಯ ಗೋಪುರ, ಅಷ್ಟು ದೇಶಗಳ ಜನ, ಅದೆಲ್ಲ ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ ಮುಗಿಯುತ್ತಿತ್ತು. ಎಷ್ಟೋ ಸಲ ಹೋಗಿದ್ದೇನೆ. ನಿಜ ಹೇಳಬೇಕೆಂದರೆ, ಬಹುಪಾಲು ಸಲ ನಾನು ಚಪ್ಪಲಿ ಇಡುವ ಜಾಗದ ಹತ್ತಿರವೇ ನಿಂತಿರುತ್ತಿದ್ದೆ. ಕಳೆದುಹೋಗುವವರು ಕಳೆದುಹೋಗುವುದು ಅಲ್ಲೇ.

ಆ ವರ್ಷ ದೀಪಾವಳಿ ಮುಗಿದು ಕಾಫಿ ಕೊಯ್ಲು ಶುರುವಾಗುವ ಮೊದಲು ಒಂದು ಬಸ್ಸು ಹೊರಟಿತು. ಮೊದಲ ದಿನ ಮುಂದಿನ ಸಾಲುಗಳಲ್ಲಿ ಸಂಸೆಯ ತೋಟದ ಯಜಮಾನರಾದ ಶಿವಪ್ಪ ಗೌಡರು, ಅವರ ಹೆಂಡತಿ, ಅವರ ನೆಂಟರು. ಹಿಂದಿನ ಸಾಲುಗಳಲ್ಲಿ ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹನ್ನೊಂದು ಹೆಂಗಸರು. ಎರಡು ವರ್ಷದಿಂದ ತಯಾರಿ ಮಾಡಿಕೊಂಡು ತಾವೇ ಹೊರಟವರು. ಅವರ ಮುಂದಾಳು ರತ್ನಕ್ಕ. ಎಸ್ಟೇಟಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿ. ದಪ್ಪ ದನಿ, ಗಟ್ಟಿ ಆಳು. ನನ್ನ ವಿಸಿಲ್ಲಿಗಿಂತ ಅವರ ಒಂದು ಕೂಗಿಗೆ ಜನ ಬೇಗ ಸೇರುತ್ತಿದ್ದರು. ಆ ಹನ್ನೊಂದು ಜನ ಒಂದು ದಿನವೂ ತಡ ಮಾಡಲಿಲ್ಲ. ಬೆಳಗ್ಗೆ ಮಸ್ಟರಿಗೆ, ಅಂದರೆ ಹಾಜರಿಗೆ, ಹೆಸರು ಕೊಟ್ಟು ಅಭ್ಯಾಸವಾದವರು. ನನಗೆ ಅವರನ್ನು ಕಂಡರೆ ತುಂಬ ಇಷ್ಟವಾಗಿಬಿಟ್ಟಿತ್ತು.

ಅವರಲ್ಲಿ ಸಣ್ಣಮ್ಮ ಎಂಬವರು ಒಬ್ಬರು. ಐವತ್ತರ ಮೇಲಿನ ವಯಸ್ಸು, ಮಾತು ಕಡಿಮೆ. ಬಸ್ಸು ಮೂಡಿಗೆರೆ ಬಿಟ್ಟ ದಿನವೇ ನನ್ನನ್ನು ಬೋಧಗಯೆ ಯಾವತ್ತು ಎಂದು ಕೇಳಿದರು. ಹತ್ತನೆಯ ದಿನ ಎಂದೆ. ಅಲ್ಲಿ ಮರದ ಹತ್ತಿರ ಹೋಗಲಿಕ್ಕೆ ಬಿಡುತ್ತಾರಾ ಎಂದರು. ಬಿಡುತ್ತಾರೆ, ಸುತ್ತ ಕಟಕಟೆ ಇದೆ, ಹೊರಗಿನಿಂದ ನೋಡಬಹುದು ಎಂದೆ. ಎಲೆ ಬಿದ್ದಿದ್ದರೆ ತೆಗೆದುಕೊಳ್ಳಬಹುದಾ ಎಂದರು. ಬಿದ್ದದ್ದನ್ನು ಜನ ತೆಗೆದುಕೊಳ್ಳುತ್ತಾರೆ ಎಂದೆ. ಯಾಕೆ ಎಂದು ನಾನು ತಿರುಗಿ ಕೇಳಲಿಲ್ಲ. ಕೇಳಬೇಕಿತ್ತು.

ಹತ್ತನೆಯ ದಿನ ಮಧ್ಯಾಹ್ನ ಬೋಧಗಯೆಯಲ್ಲಿ ಇಳಿದೆವು. ಸ್ವಲ್ಪ ಗಾಳಿ ಇತ್ತು. ಅವತ್ತು ಯಾಕೋ ನಾನೂ ಒಳಗೆ ಹೋದೆ. ಗುಡಿಯನ್ನು ಬಳಸಿ ಹಿಂದೆ ಬರುವಾಗ ಮರದ ಕೆಳಗೆ ಬಿಳಿ ಬಟ್ಟೆ ಉಟ್ಟ ಹೊರದೇಶದ ಯಾತ್ರಿಕರು ಸಾಲಾಗಿ ಕೂತಿದ್ದರು. ಕೆಲವರು ಕಣ್ಣು ಮುಚ್ಚಿದ್ದರು, ಕೆಲವರು ಮೇಲೆ ನೋಡುತ್ತಿದ್ದರು. ಎಲೆ ತಾನಾಗಿ ಉದುರುವುದನ್ನು ಅವರು ಗಂಟೆಗಟ್ಟಲೆ ಕಾಯುತ್ತಾರೆ. ಬಿದ್ದಾಗ ಯಾರಾದರೊಬ್ಬರು ಮೆಲ್ಲಗೆ ಎದ್ದು ಹೋಗಿ ತೆಗೆದುಕೊಂಡು ಹಣೆಗೆ ಒತ್ತಿಕೊಳ್ಳುತ್ತಾರೆ. ಅವಸರ ಮಾಡುವುದಿಲ್ಲ. ಆಗಷ್ಟೇ ಬೀಸಿದ ಗಾಳಿಗೆ ಹಾಸುಗಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ಎಲೆ ಬಿದ್ದಿತ್ತು.

ನಮ್ಮ ಹನ್ನೊಂದು ಜನ ಅದನ್ನು ನೋಡಿದರು. ಕಾಫಿ ತೋಟದಲ್ಲಿ ಕೊಯ್ಲಿನ ಕೊನೆಗೆ ನೆಲ ಹೆಕ್ಕುವುದು ಎಂಬ ಕೆಲಸ ಇದೆ. ಉದುರಿದ ಹಣ್ಣನ್ನು ಒಂದೂ ಬಿಡದೆ ಹೆಕ್ಕಬೇಕು. ಬಿಟ್ಟರೆ ಹುಳು ಹತ್ತುತ್ತದೆ, ಮೇಸ್ತ್ರಿ ಬೈಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಬ್ಬರ ಸಾಲಿನದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ರತ್ನಕ್ಕನಿಗೆ ಅಲ್ಲಿ ಏನು ತೋರಿತೋ, ಮೆಲುದನಿಯಲ್ಲಿ “ಸಾಲು ಹಿಡೀರಿ” ಎಂದರು. ಹನ್ನೊಂದು ಜನ ಕಟಕಟೆಯ ಉದ್ದಕ್ಕೂ ಒಂದೊಂದು ಮಾರು ಬಿಟ್ಟು ನಿಂತರು, ಸೆರಗು ಸಿಕ್ಕಿಸಿದರು, ಬಗ್ಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ತುದಿ ಮುಟ್ಟಿ ಸೊಂಟ ನೆಟ್ಟಗೆ ಮಾಡಿಕೊಂಡಿದ್ದರು. ನೆಲದ ಮೇಲೆ ಒಂದು ಎಲೆ ಇಲ್ಲ. ಕೂತವರ ಮಂಡಿಯ ಪಕ್ಕದಲ್ಲಿದ್ದದ್ದೂ ಇಲ್ಲ.

ಬಿಳಿ ಬಟ್ಟೆಯ ಒಬ್ಬ ಮುದುಕಿ ಕಣ್ಣು ಬಿಟ್ಟು ನೆಲ ನೋಡಿದರು, ಆಮೇಲೆ ನಮ್ಮವರನ್ನು ನೋಡಿದರು. ನನಗೆ ಮುಖ ಎತ್ತಲಾಗಲಿಲ್ಲ. ಹಾಸ್ಟೆಲಿನ ಹುಡುಗಿಯರು ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗ ಮಾಡುತ್ತಿದ್ದದ್ದನ್ನೇ ಮಾಡಿದೆ. ಕೈಚೀಲ ಅಗಲಿಸಿ ಹಿಡಿದು, “ಎಲ್ಲಾ ಇಲ್ಲಿ ಹಾಕಿ” ಎಂದೆ.

ಅವರು ಒಬ್ಬೊಬ್ಬರೇ ಬಂದು ಹಾಕಿದರು. ಕೊಯ್ದದ್ದನ್ನು ಸಂಜೆ ತೂಕದ ಹೊತ್ತಿಗೆ ಸುರಿದುಬಿಡುವುದು ಅವರ ನಿತ್ಯದ ಕೆಲಸ. ಯಾರೂ ಒಂದು ಹಣ್ಣು ಹಿಂದಿಟ್ಟುಕೊಳ್ಳುವುದಿಲ್ಲ. ಸಣ್ಣಮ್ಮ ಸೆರಗಿನಿಂದ ಎರಡು ಎಲೆ ತೆಗೆದು, ಒಂದು ಸಲ ನನ್ನ ಮುಖ ನೋಡಿ, ಹಾಕಿದರು. ನಾನು ಆ ಎಲೆಗಳನ್ನು ಆ ಮುದುಕಿಗೂ ಉಳಿದ ಯಾತ್ರಿಕರಿಗೂ ಹಂಚಿದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದರು. ನನಗೆ ಬಹಳ ಒಳ್ಳೆಯ ಕೆಲಸ ಮಾಡಿದೆ ಎನಿಸಿತು. ಐವತ್ತು ನಿಮಿಷಕ್ಕೆ ಸರಿಯಾಗಿ ಎಲ್ಲರೂ ಹೊರಗಿದ್ದೆವು.

ಸಂಜೆ ಗಯೆಯ ಛತ್ರದಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದರು. ಸಣ್ಣಮ್ಮ ಬಂದಿರಲಿಲ್ಲ. ಅವರ ಜೋಡಿ ರತ್ನಕ್ಕನೇ. ಕೇಳಿದೆ.

“ಹಸಿವಿಲ್ವಂತೆ” ಎಂದರು ರತ್ನಕ್ಕ. ಆಮೇಲೆ, “ಅಮ್ಮ, ಒಂದು ಎಲೆ ಆದ್ರೂ ಉಳಿಸ್ಕೊಬಹುದಿತ್ತಾ?” ಎಂದರು.

ಆಗ ವಿಷಯ ತಿಳಿಯಿತು. ಸಣ್ಣಮ್ಮನ ಗಂಡ ತಿಮ್ಮಯ್ಯ ಮರಗಸಿ ಮಾಡುವವರು. ಕಾಫಿ ಗಿಡಕ್ಕೆ ಎಷ್ಟು ನೆರಳು ಬೇಕೋ ಅಷ್ಟು ಉಳಿಸಿ ಮಳೆಗಾಲಕ್ಕೆ ಮುಂಚೆ ದೊಡ್ಡ ಮರಗಳ ಕೊಂಬೆ ಕಡಿಯುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತೇವೆ. ಸೊಂಟಕ್ಕೆ ಹಗ್ಗ, ಕೈಯಲ್ಲಿ ಕತ್ತಿ. ಮೂವತ್ತು ವರ್ಷ ಅದನ್ನೇ ಮಾಡಿದವರು ನಾಲ್ಕು ವರ್ಷದ ಹಿಂದೆ ಒಂದು ಮರದಿಂದ ಬಿದ್ದರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮಂಚದ ಎದುರಿನ ಗೋಡೆಯಲ್ಲಿ ಬುದ್ಧ ಮರದ ಕೆಳಗೆ ಕೂತಿರುವ ಒಂದು ಕ್ಯಾಲೆಂಡರ್ ಇದೆ. ಆ ಮರ ಇನ್ನೂ ಇದೆ, ಅದಕ್ಕೆ ಯಾರೂ ಕತ್ತಿ ಹಾಕುವುದಿಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು. ಹೆಂಡತಿ ಪ್ರವಾಸಕ್ಕೆ ಹೊರಟಾಗ ಅವರು ಕೇಳಿದ್ದು ಒಂದೇ. ಆ ಮರದ ಒಂದು ಎಲೆ ತಾ. ತಾನಾಗಿ ಬಿದ್ದದ್ದು. ಕಿತ್ತದ್ದು ಬೇಡ, ಜೀವಮಾನವೆಲ್ಲ ನಾನು ಕಡಿದದ್ದೇ ಆಯಿತು.

ಈ ಮಾತು ಕೇಳುತ್ತಿದ್ದ ಗೌಡರ ಹೆಂಡತಿ ಎದ್ದು ಹೋಗಿ ಅಂಗಡಿಯಲ್ಲಿ ಕೊಂಡಿದ್ದ ಒಂದು ಪಟ ತಂದರು, ಗಾಜಿನೊಳಗೆ ಒಣಗಿದ ಬೋಧಿ ಎಲೆ ಇಟ್ಟದ್ದು. ಅದನ್ನು ಹಿಡಿದು ಸಣ್ಣಮ್ಮನಿದ್ದ ಕೋಣೆಗೆ ಹೋದೆವು. ಸಣ್ಣಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು.

“ಚೆಂದ ಇದೆ ಅಮ್ಮ. ಆದ್ರೆ ಇದನ್ನ ಯಾರು ಬೀಳಿಸಿದ್ರೋ ಏನೋ. ಮನೇಲಿ ಅವ್ರಿಗೆ ಸುಳ್ಳು ಹೇಳಕ್ಕೆ ಬರಲ್ಲ ನಂಗೆ.”

ಮರುದಿನ ಬೆಳಗ್ಗೆ ಐದಕ್ಕೆ ಬಸ್ಸು ಕಾಶಿಗೆ ಹೊರಡಬೇಕಿತ್ತು. ಅಲ್ಲಿಯವರೆಗೆ ನನ್ನಿಂದಾಗಿ ಬಸ್ಸು ತಡವಾದದ್ದು ಪದ್ಮಾವತಮ್ಮನನ್ನು ಬಿಟ್ಟುಬಂದ ದಿನ ಮಾತ್ರ. ಹೊರಗೆ ಬಂದು ಹಮೀದ್ ಸಾಹೇಬರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿ, ಮೂರು ಗಂಟೆ ತಡವಾಗಿ ಹೊರಡಲು ಒಪ್ಪಿಗೆ ಕೇಳಿದೆ. ಅವರು ಹೇಳಿದ್ದು ಇಷ್ಟೇ: “ಬಸ್ಸು ನಂದು, ಟೈಮು ನಿಮ್ದು. ಅದನ್ನ ನಾನು ಯಾಕೆ ಮುಟ್ಲಿ?”

ಉಳಿದದ್ದು ಪ್ರಯಾಣಿಕರ ಒಪ್ಪಿಗೆ. ಶಿವಪ್ಪ ಗೌಡರು ಕಾಶಿಯಲ್ಲಿ ಮಧ್ಯಾಹ್ನದೊಳಗೆ ಇರಬೇಕೆಂದು ಮೊದಲ ದಿನದಿಂದಲೂ ಹೇಳುತ್ತಿದ್ದವರು. ಸೀಟಿನ ವಿಷಯಕ್ಕೆ ನನ್ನ ಮೇಲೆ ಅವರಿಗೆ ಮುನಿಸೂ ಇತ್ತು. ಊಟ ಮುಗಿದ ಮೇಲೆ ಎಲ್ಲರೆದುರು ನಿಂತು, ತಪ್ಪು ನನ್ನದು, ಅದನ್ನು ಸರಿಮಾಡಲು ನಿಮ್ಮ ಮೂರು ಗಂಟೆ ಬೇಕು ಎಂದೆ. ಗೌಡರು ಒಂದೊಂದೇ ಬೆರಳು ಒರೆಸಿಕೊಂಡರು. ನಾನು ಬೇಡವೆಂಬ ಉತ್ತರಕ್ಕೆ ತಯಾರಾಗಿದ್ದೆ.

“ನಾವೂ ವರ್ಷಾ ವರ್ಷಾ ಜನರನ್ನ ಮರ ಹತ್ತಿಸ್ತೀವಿ” ಎಂದರು ಕೊನೆಗೆ. “ಹೋಗಿ ಬನ್ನಿ. ಎಂಟಕ್ಕೆ ಹೊರಡೋಣ.”

ಬೆಳಗ್ಗೆ ಐದಕ್ಕೆ ಬಾಗಿಲು ತೆರೆಯುವಾಗ ಸಣ್ಣಮ್ಮನೂ ನಾನೂ ಗುಡಿಯ ಮುಂದೆ ಇದ್ದೆವು. ಮರದ ಕೆಳಗೆ ಹೋಗಿ ಕೂತೆವು. ನೆಲ ಗುಡಿಸಿಟ್ಟಿದ್ದರು. ಗಾಳಿ ಇರಲಿಲ್ಲ. ನಮ್ಮ ಪಕ್ಕದಲ್ಲಿ ಯಾವುದೋ ದೇಶದ ಭಿಕ್ಷುಗಳು ಸಣ್ಣ ದನಿಯಲ್ಲಿ ಮಂತ್ರ ಹೇಳುತ್ತಿದ್ದರು. ಅದು ಮುಗಿದರೆ ಇನ್ನೊಂದು ಕಡೆಯಿಂದ ಇನ್ನೊಂದು ಭಾಷೆಯಲ್ಲಿ ಶುರುವಾಗುತ್ತಿತ್ತು.

ಎಷ್ಟೋ ಸಲ ಬಂದ ಜಾಗದಲ್ಲಿ ನಾನು ಮೊದಲ ಬಾರಿಗೆ ಕೂತಿದ್ದೆ. ಮಾಡಲು ಏನೂ ಕೆಲಸವಿರಲಿಲ್ಲ. ಮೊದಲ ಅರ್ಧ ಗಂಟೆ ಕೈ ಗಡಿಯಾರವನ್ನೇ ನೋಡುತ್ತಿದ್ದೆ. ಆಮೇಲೆ ಸಣ್ಣಮ್ಮ ಮೇಲೆ ನೋಡುತ್ತಾ ಮೆಲ್ಲಗೆ ಮಾತಾಡತೊಡಗಿದರು, ನನಗೋ ತಮಗೋ ಗೊತ್ತಿಲ್ಲ. ಇದು ಮೂಡಲಿಗೆ ಚಾಚಿದೆ, ಬೆಳಕು ಅಲ್ಲಿಂದ ಬರುತ್ತೆ. ಆ ಕವಲಿನ ಹತ್ತಿರ ಕಾಲಿಡಲಿಕ್ಕೆ ಜಾಗ ಇದೆ. ಈ ಎರಡು ಒಂದಕ್ಕೊಂದು ಉಜ್ಜುತ್ತವೆ ನೋಡಿ. ಗಂಡನ ಕೆಲಸವನ್ನು ಕೆಳಗೆ ನಿಂತು ಎಷ್ಟು ವರ್ಷ ನೋಡಿದ್ದರೋ. ಅವರು ಬೆರಳು ತೋರಿಸಿದ ಕಡೆಯೆಲ್ಲ ನಾನು ನೋಡಿದೆ. ಎಲೆಗಳ ತುದಿ ಗಾಳಿಯಿಲ್ಲದೆಯೂ ಅಲ್ಲಾಡುತ್ತಿತ್ತು. ಒಂದೂ ಕಳಚಲಿಲ್ಲ. ಒಂದು ಹಕ್ಕಿ ಬಂದು ಕೂತಿತು, ಎದ್ದುಹೋಯಿತು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಏನೂ ಬೀಳಲಿಲ್ಲ.

ಏಳಕ್ಕೆ ಸಣ್ಣಮ್ಮ ತಾವಾಗಿ ಸೆರಗು ಸರಿಮಾಡಿಕೊಂಡರು.

“ಟೈಮಾಯ್ತಲ್ಲಮ್ಮ?”

“ಇನ್ನೂ ಇದೆ, ಕೂತ್ಕೊಳ್ಳಿ” ಎಂದೆ. ಕೆಲಸದಲ್ಲಿದ್ದಷ್ಟು ಕಾಲ ಸಮಯದ ಬಗ್ಗೆ ನಾನು ಹೇಳಿದ ಸುಳ್ಳು ಅದೊಂದೇ.

ಇನ್ನೂ ಇಪ್ಪತ್ತು ನಿಮಿಷ ಕೂತೆವು. ಆಮೇಲೆ ಅವರೇ ಎದ್ದರು. ನೆಲಕ್ಕೆ ಹಣೆ ಮುಟ್ಟಿಸಿ, ಕಟಕಟೆಯನ್ನು ಒಮ್ಮೆ ಸವರಿ, ಹಿಂತಿರುಗಿ ನೋಡದೆ ನಡೆದರು. ಆಟೋದಲ್ಲಿ ನಾನು ಕ್ಷಮೆ ಕೇಳಿದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು, “ನೀವು ಹಾಕಿ ಅಂದ್ರಿ, ಹಾಕಿದ್ವಿ. ನಮ್ಗೆ ಅದು ರೂಢಿ” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಎಂಟು ಕಳೆದು ಐದು ನಿಮಿಷಕ್ಕೆ ಬಸ್ಸಿನ ಹತ್ತಿರ ಬಂದೆವು. ಎಲ್ಲರೂ ಆಗಲೇ ಸೀಟಿನಲ್ಲಿ ಕೂತಿದ್ದರು. ಎಲ್ಲರ ಕಣ್ಣೂ ಮೊದಲು ನಮ್ಮ ಕೈಗೆ ಹೋಯಿತು, ಆಮೇಲೆ ಕಿಟಕಿಯ ಕಡೆಗೆ. ಡ್ರೈವರ್ ಅಬ್ಬಾಸ್ ಏನೂ ಕೇಳದೆ ಗಾಡಿ ಶುರುಮಾಡಿದ. ಮೊದಲ ಟೋಲ್ ದಾಟಿದ ಮೇಲೆ ಮಾತ್ರ, “ಎಂತ ಮಾಡೋದು ವಾರ್ಡನಮ್ಮ, ಮರಕ್ಕೆ ನಮ್ಮ ಟೈಮ್ ಟೇಬಲ್ ಯಾರು ಕೊಡೋದು” ಎಂದ. ಶಿವಪ್ಪ ಗೌಡರು ಅವತ್ತು ತಮ್ಮ ಮುಂದಿನ ಸೀಟಿನ ಸರದಿಯನ್ನು ಸಣ್ಣಮ್ಮನಿಗೆ ಬಿಟ್ಟುಕೊಟ್ಟರು. ನಾನು ನಿಯಮ ಎತ್ತಲಿಲ್ಲ.

ಪ್ರಯಾಣಿಕರ ಮನೆಗೆ ಹೋಗುವುದು ನನ್ನ ಪದ್ಧತಿಯಲ್ಲ. ಹೋದರೆ ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆ ಬಿಟ್ಟಂತಾಗುತ್ತದೆ. ಆದರೆ ಬರಿಗೈಯಲ್ಲಿ ಗಂಡನೆದುರು ನಿಲ್ಲಲು ಸಣ್ಣಮ್ಮನೊಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ವಾಪಸ್ ಬಂದ ದಿನವೇ ಜೀಪಿನಲ್ಲಿ ಮಲ್ಲಂದೂರಿಗೆ ಅವರ ಜೊತೆಯೇ ಹೋದೆ. ಜೀಪಿನವನು ನಾಲ್ಕಕ್ಕೆ ಹೊರಡುತ್ತೇನೆ, ಆಮೇಲೆ ಚಿಕ್ಕಮಗಳೂರಿಗೆ ಗಾಡಿ ಇಲ್ಲ ಎಂದು ಮೊದಲೇ ಹೇಳಿದ್ದ.

ಎಸ್ಟೇಟಿನ ಕೂಲಿಯವರ ಲೈನಿನ ಸಾಲುಮನೆಗಳಲ್ಲಿ ಕೊನೆಯದು. ಹೊರಗಿನ ಕೋಣೆಯಲ್ಲೇ ಮಂಚ. ತಿಮ್ಮಯ್ಯ ದಿಂಬಿಗೆ ಒರಗಿದ್ದರು. ತೋಳು ಇನ್ನೂ ಗಟ್ಟಿಯಾಗಿತ್ತು. ಹೆಂಡತಿಯ ಮುಖ ನೋಡಿಯೇ ತಿಳಿದುಕೊಂಡರು.

“ಸಿಗ್ಲಿಲ್ವಾ?”

ಸಣ್ಣಮ್ಮ ಇಲ್ಲವೆಂದು ತಲೆಯಾಡಿಸಿದರು. ನಾನು ನಡುವೆ ಬಂದು, ಸಿಕ್ಕಿತ್ತು, ನಾನು ಕಿತ್ತುಕೊಂಡು ಹಂಚಿಬಿಟ್ಟೆ ಎಂದು ಮೊದಲಿನಿಂದ ಹೇಳಿದೆ. ಸಾಲು ಹಿಡಿದದ್ದನ್ನು ಹೇಳುವಾಗ ತಿಮ್ಮಯ್ಯನವರಿಗೆ ನಗು ಬಂತು. ನನ್ನ ತಪ್ಪಿನ ಭಾಗಕ್ಕೆ ಬಂದಾಗ ಅಷ್ಟಾಗಿ ಕಿವಿಗೊಡಲಿಲ್ಲ. ಮರುದಿನ ಹೋಗಿ ಕೂತೆವು ಎಂದಾಗ ತಲೆ ಎತ್ತಿದರು.

“ಎಷ್ಟು ಹೊತ್ತು?”

“ಎರಡು ಗಂಟೆ ಮೇಲೆ.”

“ಒಂದೂ ಬೀಳ್ಲಿಲ್ಲ?”

“ಒಂದೂ ಇಲ್ಲ.”

“ಹಂಗಾರೆ ಮರ ಗಟ್ಟಿಯಾಗಿದೆ” ಎಂದರು ಅವರು, ಹೆಂಡತಿಯ ಕಡೆ ತಿರುಗಿ. “ಕೇಳಿದ್ಯಾ? ಅಷ್ಟು ವಯಸ್ಸಾದ ಮರ. ಎರಡು ಗಂಟೇಲಿ ಒಂದು ಎಲೆ ಬಿಡ್ಲಿಲ್ಲ ಅಂದ್ರೆ ಬೇರು ಚೆನ್ನಾಗಿದೆ ಅಂತ.”

ಸಣ್ಣಮ್ಮ ಗೋಡೆಗೆ ಒರಗಿ ಕೂತುಬಿಟ್ಟರು. ಹದಿನೆಂಟು ದಿನದಲ್ಲಿ ಅವರು ಹಾಗೆ ಕಾಲು ಚಾಚಿ ಕೂತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ತಿಮ್ಮಯ್ಯ ನನ್ನನ್ನು ಕೇಳತೊಡಗಿದರು. ಬುಡ ಎಷ್ಟು ದಪ್ಪ, ಮೊದಲ ಕವಲು ಎಷ್ಟು ಎತ್ತರದಲ್ಲಿದೆ, ಯಾವ ಕಡೆ ಭಾರ ಜಾಸ್ತಿ. ಒಂದು ತಿಂಗಳ ಹಿಂದೆ ಕೇಳಿದ್ದರೆ ನನಗೆ ಚಪ್ಪಲಿಯ ಕೌಂಟರು ಎಲ್ಲಿದೆ ಎಂದಷ್ಟೇ ಗೊತ್ತಿತ್ತು. ಈಗ ಹೇಳಲು ಬಂತು. ಒಂದೊಂದು ಕೊಂಬೆಯನ್ನೂ ಹೇಳಿದೆ. ಮರೆತದ್ದನ್ನು ಸಣ್ಣಮ್ಮ ಸೇರಿಸಿದರು. ತಿಮ್ಮಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊದಿಕೆಯ ಮೇಲೆ ಕೈ ಬೆರಳುಗಳು ಏನನ್ನೋ ಹಿಡಿಯುವಂತೆ, ಬಿಡುವಂತೆ ಮೆಲ್ಲಗೆ ಆಡುತ್ತಿದ್ದವು.

“ಪಕ್ಕಕ್ಕೆ ಉದ್ದಕ್ಕೆ ಹೋಗಿದೆ ಅಂದ್ರಲ್ಲ, ಆ ಕೊಂಬೆ. ಅದು ಭಾರಕ್ಕೆ ಸೀಳಲ್ವಾ?”

“ಕೆಳಗೆ ಕಬ್ಬಿಣದ ಊರುಗೋಲು ಕೊಟ್ಟಿದ್ದಾರೆ. ಅದರ ಮೇಲೆ ನಿಂತಿದೆ.”

ಅವರು ಕಣ್ಣು ತೆರೆದರು.

“ಕಡಿದಿಲ್ಲ?”

“ಇಲ್ಲ.”

“ನಮ್ಮಲ್ಲಾದ್ರೆ ಅದನ್ನೇ ಮೊದ್ಲು ಕಡೀತಿದ್ವಿ” ಎಂದರು. ಸಣ್ಣಮ್ಮ ಎದ್ದು ಬಂದು ಅವರ ಬೆನ್ನಿನ ದಿಂಬನ್ನು ಸರಿಮಾಡಿ, ಅಲ್ಲೇ ಮಂಚದ ತುದಿಯಲ್ಲಿ ಕೂತರು.

ಹೊರಗೆ ರಸ್ತೆಯಲ್ಲಿ ಜೀಪಿನವನು ಹಾರನ್ ಹೊಡೆದ. ನಾನು ಚೀಲ ಎತ್ತಿಕೊಂಡೆ.

“ಅಮ್ಮ” ಎಂದರು ತಿಮ್ಮಯ್ಯ. “ಬುಡದಿಂದ ಇನ್ನೊಂದ್ಸಲ ಹೇಳ್ತೀರಾ?”

ಹಾರನ್ ಇನ್ನೆರಡು ಸಲ ಆಯಿತು, ಆಮೇಲೆ ಜೀಪು ಹೋದ ಸದ್ದು ಕೇಳಿತು. ನಾನು ಚೀಲ ಕೆಳಗಿಟ್ಟು, ಬುಡದಿಂದ ಶುರುಮಾಡಿದೆ.